ಐದಕ್ಷರದ ಭಾವನವರಿಗೆ

ಮಹಾ ಪಂಡಿತರಾದ ಭಾವನವರಿಗೆ,

ನಿಮ್ಮ ಪತ್ರ ತಲುಪಿತು. ಭಾನುವಾರ ಅಕ್ಕನನ್ನು ಕರೆದುಕೊಂಡು ಹೋಗಲು ಬರುತ್ತೀರಂತೆ, ಅಷ್ಟರೊಳಗೆ ಅವಳ ಇಂಗ್ಲಿಷ್ ‘ಓ’ ಒಂದು ಸರಿಹೋದರೆ ಸಾಕಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಮನೆ ಬಿಟ್ಟು ಬಂದಿದ್ದಾಳೆ; ಊಟ ಮಾಡುತ್ತಿದ್ದಾಳಾ, ನಿದ್ದೆ ಬರುತ್ತಿದೆಯಾ ಎಂದು ಒಂದು ಮಾತಿಲ್ಲ. ಅವಳ ‘ಓ’ ಹೇಗಿದೆ ಅಂತೆ! ಅದು ಕ್ಷೇಮವಾಗಿದೆ ಭಾವ, ಚಿಂತೆ ಬೇಡ.

ನೀವು ಮೊದಲ ಸಲ ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದ್ದು ಬಡ್ತಿಯ ಸಂದರ್ಶನಕ್ಕೆ ಕೋಟು ಹೊಲಿಸಲು. ಮೂರು ಮೆಷಿನ್ನು ಒಟ್ಟಿಗೆ ಓಡುವ ಜಾಗದಲ್ಲಿ ಪಿಸುಗುಟ್ಟಿದರೆ ಯಾರಿಗೂ ಕೇಳದು. ಅಕ್ಕ ಕತ್ತರಿ ಆಡಿಸುತ್ತಲೇ ಗಂಟಲು ತೆರೆದು ಮಾತಾಡುತ್ತಿದ್ದಳು, ನಗುತ್ತಿದ್ದಳು. “ನಿಮ್ಮ ನಗು ಬೀದಿ ತಿರುವಿನವರೆಗೂ ಕೇಳ್ಸುತ್ತೆ ಕಣ್ರೀ” ಎಂದು ಹಲ್ಲು ಕಿರಿದವರು ನೀವೇ. ತೋಳು ಬಿಗಿ, ಕಾಲರ್ ಸಡಿಲ ಎಂದು ನೆಪ ತೆಗೆದು ವಾರಗಟ್ಟಲೆ ಬಂದಿರಿ. ಆ ಗಂಟಲನ್ನು ಮೆಚ್ಚಿ ಮದುವೆಯಾಗಿ, ಮನೆಗೆ ಕರೆದೊಯ್ದು ಅದಕ್ಕೇ ಬೀಗ ಜಡಿದಿರಲ್ಲ, ಭೇಷ್!

ಬಡ್ತಿ ಸಿಕ್ಕಿತು. ಸಂಜೆ ಕ್ಲಾಸಿಗೆ ಹೋಗಿ ಇಂಗ್ಲಿಷಿನ ಐದು ಸ್ವರ ಉಚ್ಚರಿಸುವುದನ್ನು ಕಲಿತು ಬಂದಿರಿ. ಕಲಿತವರು ನಿಮ್ಮ ಪಾಡಿಗೆ ನೀವಿರಬಾರದೆ? ಅಕ್ಕನನ್ನು ಎದುರು ಕೂರಿಸಿಕೊಂಡು, ಮೂತಿಯ ಮುಂದೆ ಕೈಗನ್ನಡಿ ಹಿಡಿದು, ಹಲ್ಲಿನ ನಡುವೆ ಬೆಂಕಿಕಡ್ಡಿ ಇಟ್ಟು ಪಾಠ ಶುರುವಾಯಿತು. “ಎ ಅಲ್ಲ ಕಣೇ, ಏಯ್! ತುಟಿ ಅಗಲ ಮಾಡು. ಓ ಅಂತ ಅಲ್ಲೇ ನಿಂತ್ಕೋಬೇಡ, ಕೊನೇಲಿ ತುಟಿ ಕೂಡಿಸ್ಕೊಂಡು ಬಾ.” ಪಾಪ, ಅಕ್ಕನ ‘ಓ’ ಅಲ್ಲೇ ನಿಲ್ಲುತ್ತಿತ್ತು. ಐದೂ ಸರಿಯಾಗುವ ತನಕ ಮನೆಯಲ್ಲಿ ಕನ್ನಡ ಕೂಡದು ಎಂದು ಅಪ್ಪಣೆಯಾಯಿತು. ಪುಣ್ಯಾತ್ಮರೇ, ಐದು ಅಕ್ಷರ ಇಟ್ಟುಕೊಂಡು ಉಪ್ಪು ಮುಗಿದಿದೆ ಎಂದು ಹೇಗೆ ಹೇಳುವುದು? ಅವಳು ಹೇಳಲಿಲ್ಲ. ಉಪ್ಪಿಲ್ಲದ್ದನ್ನೇ ಬಡಿಸಿದಳು. ನೀವು ನಿಮ್ಮ ‘ಏಯ್’ ಗುನುಗುತ್ತಾ ತಿಂದು ಎದ್ದಿರಿ.

ಊರಿಂದ ಅಮ್ಮ ಫೋನ್ ಮಾಡಿದಾಗಲೂ ನೀವು ಪಕ್ಕದಲ್ಲೇ ಕಾವಲು. ಅಕ್ಕ ಹೂಂ, ಊಹೂಂ ಅಷ್ಟೇ. “ನಿಮ್ಮಕ್ಕಂಗೆ ನನ್ನ ಮೇಲೆ ಕೋಪಾನೇನೇ? ನಾನೇನೇ ಮಾಡ್ದೆ ಅವಳಿಗೆ?” ಎಂದು ಅಮ್ಮ ನನ್ನ ಹತ್ತಿರ ಗೋಳೋ ಎಂದು ಅತ್ತಳು. ಅದಕ್ಕಾಗಿ ನಿಮ್ಮನ್ನು ಯಾವತ್ತೂ ಕ್ಷಮಿಸುವುದಿಲ್ಲ.

ಅಷ್ಟೂ ಸಾಲದೆಂದು, ನಿಮ್ಮ ಸಾಹೇಬರು ಊಟಕ್ಕೆ ಬಂದ ದಿನ ಅಕ್ಕನನ್ನು ಅಡುಗೆಮನೆಯಿಂದ ಕರೆಸಿ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ನಿಲ್ಲಿಸಿ ಐದನ್ನೂ ಹೇಳಿಸಿದಿರಿ. ‘ಓ’ ಬಂದಾಗ ಸಾಹೇಬರ ಹೆಂಡತಿ ನಕ್ಕರು. ನೀವು ಅವರಿಗಿಂತ ಜೋರಾಗಿ ನಕ್ಕಿರಿ. ಮರುದಿನ ಬೆಳಿಗ್ಗೆ ಅಕ್ಕ ಒಂದು ಚೀಲ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

ಬಂದವಳು ಮಾತೇ ಆಡಲಿಲ್ಲ. ಏನಾದರೂ ಕೇಳಿದರೆ ಬಾಯಿ ತೆರೆಯುವ ಮುಂಚೆ ಬೆರಳು ತುಟಿಗೆ ಹೋಗಿ, ಆಕಾರ ಸರಿಯಿದೆಯಾ ಎಂದು ಮುಟ್ಟಿ ನೋಡಿಕೊಳ್ಳುವಳು, ಆಮೇಲೆ ಸುಮ್ಮನಾಗುವಳು. ಗಿರಾಕಿಗಳು ಬಟ್ಟೆ ಹಾಕಿ ನೋಡುವ ದೊಡ್ಡ ಕನ್ನಡಿಗೆ ಬೆನ್ನು ಹಾಕಿಯೇ ಕೂರುವಳು. ಅಕ್ಕನ ದನಿ ಹೋಗೇಬಿಟ್ಟಿತು ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ನಿನ್ನೆ ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಿದೆ. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. “ಏನ್ ಬರೀಲಿ ಅಕ್ಕಾ? ಹೋಗ್ತೀಯಾ?” ಎಂದೆ. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಿನ್ನಿನ ಪುಟ್ಟ ಮೆತ್ತೆಗೆ ಚುಚ್ಚಿಟ್ಟಳು. ಈ ಸಲ ಬೆರಳು ತುಟಿಗೆ ಹೋಗಲಿಲ್ಲ.

“ಬರೋದು ಬೇಡ ಅಂತ ಬರಿ! ನಾ ಹೋಗಲ್ಲ!”

ಮೂರು ಮೆಷಿನ್ನಿನ ಸದ್ದನ್ನೂ ಮೀರಿ ಕೇಳಿತು. ಪಕ್ಕದ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿದ ಮಸೂರದ ಸಮೇತ ಓಡಿಬಂದು “ಏನಾಯ್ತ್ರೀ?” ಎಂದರು. “ಏನಿಲ್ಲ, ಹೋಗಿ ನಿಮ್ಮ ಮುಳ್ಳು ನೋಡ್ಕೊಳ್ಳಿ!” ಎಂದು ಅಕ್ಕ ನಕ್ಕಳು. ಆ ನಗು ಬೀದಿ ತಿರುವಿನವರೆಗೂ ಹೋಗಿರಬೇಕು. ಮೇಲೆ ಬರೆದ ಬೆಂಕಿಕಡ್ಡಿ, ಉಪ್ಪು, ಸಾಹೇಬರ ಕತೆಯನ್ನೆಲ್ಲ ನನಗೆ ಹೇಳಿದ್ದೂ ನಿನ್ನೆಯೇ. ಆಮೇಲೆ ಅಮ್ಮನಿಗೆ ಫೋನ್ ಹಚ್ಚಿದಳು. “ಕಿವಿ ತೂತಾಗೋ ಹಾಗೆ ಕಿರುಚ್ತಾಳಲ್ಲೇ” ಎಂದು ಅಮ್ಮ ಆಮೇಲೆ ನನ್ನ ಹತ್ತಿರ ದೂರಿದಳು, ಎಷ್ಟು ಖುಷಿಯಿಂದ ಅಂತೀರಿ!

ಅವಳ ಚೀಲದ ತಳದಲ್ಲಿ ನಿಮ್ಮ ಕೈಗನ್ನಡಿ ಸಿಕ್ಕಿತು. ಮನೆ ಬಿಟ್ಟು ಬರುವಾಗಲೂ ಅಭ್ಯಾಸ ತಪ್ಪೀತು ಎಂಬ ಭಯಕ್ಕೆ ಅದನ್ನು ತುಂಬಿಕೊಂಡು ಬಂದಿದ್ದಳು. ಚೂರುಬಟ್ಟೆಯಲ್ಲಿ ಸುತ್ತಿ ಇದರ ಜೊತೆಗೇ ಕಳಿಸಿದ್ದೇನೆ. ಇನ್ನು ನಿಮ್ಮ ಮೂತಿ ನೀವೇ ನೋಡಿಕೊಳ್ಳಿ.

ನೂರು ಕಾಲ ಬಾಳಿ, ಉಪ್ಪಿನ ಡಬ್ಬಿಯನ್ನು ನೀವೇ ತುಂಬಿಸಿಕೊಂಡು.

ಇಂತಿ,
ಈ ಸಾಲಿನವರೆಗೆ ಮಾತ್ರ ನಿಮ್ಮ ನಾದಿನಿ