ಸೌಂಡ್ ಬಂದ್ ಮಾಡಿದ ಭಾನುವಾರ

ಡೊಂಬಿವಲಿ ಪೂರ್ವ,
೨೦ ಜುಲೈ ೨೦೨೫, ಭಾನುವಾರ

ಪ್ರಿಯ ಸಮಿತ್,

ನೀನೂ ನಿನ್ನ ಅಮ್ಮ, ಅಂದರೆ ನಮ್ಮೆಲ್ಲರ ಅಕ್ಕು ಮಾಮಿಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಎಂದಿನಂತೆ ಇದ್ದೇನೆ. ಎಂದಿನಂತೆ ಎಂದರೆ ಯಾರಿಗೂ ಉಪಯೋಗವಿಲ್ಲದಂತೆ. ಈ ಪತ್ರ ನಾಲ್ಕು ವಾರ ತಡವಾಯಿತು, ಕ್ಷಮಿಸು. ನೀನು ವಾಟ್ಸಾಪ್ ಗ್ರೂಪ್ ಬಿಟ್ಟೆ, ನನ್ನ ನಂಬರನ್ನು ಬ್ಲಾಕ್ ಮಾಡಿದೆ. ಕಚೇರಿಯ ಫೋನಿನಿಂದ ಮಾಡೋಣ ಎಂದುಕೊಂಡರೆ ರಮಿತಾ ಬೇಡವೆಂದಳು. "ಫೋನ್ ಪೇ ತೇರಾ ಮುಂಹ್ ಚಲ್ತಾ ಹೈ, ಯತಿನ್. ಹಾಥ್ ಸೇ ಲಿಖ್" ಎಂದಳು. ನನ್ನ ಕೈ ಬಾಯಿಗಿಂತ ನಿಧಾನ, ಆದ್ದರಿಂದ ಸ್ವಲ್ಪ ಮರ್ಯಾದಸ್ಥ ಎಂದು ಅವಳ ಲೆಕ್ಕ. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊದಲ ಸಲ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನಗು. ನಗುವ ಹಕ್ಕು ಈಗ ನಿನ್ನದು.

ಪತ್ರವನ್ನು ಅಂಬರನಾಥದ ನಿನ್ನ ಫ್ಯಾಕ್ಟರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಹಾಕಿದರೆ ಮಾಮಿಯ ಕೈಗೆ ಸಿಗುತ್ತದೆ, ಯಾರು ಬರೆದದ್ದು ಏನು ಎಂದು ಕೇಳುತ್ತಾರೆ.

ಮೊದಲು ಇಲ್ಲಿನ ಸುದ್ದಿ. ಈ ಬೇಸಿಗೆಯಲ್ಲಿ ಘೋಷಣೆಯಾದ ವೀಡಿಯೊ ಗೇಮುಗಳ ಬಗ್ಗೆ ಕೈಲಾಸ ಇನ್ನೂ ಬಾಯಿ ಮುಚ್ಚಿಲ್ಲ. ಕಲ್ಯಾಣದ ತನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಗ್ರೂಪಿಗೆ ಮೆಸೇಜ್ ಹಾಕುತ್ತಾನೆ. ಆ ಯುದ್ಧದ ಗೇಮಿನ ಒಂಬತ್ತನೆಯ ಭಾಗ ಬರುತ್ತದಂತೆ. ಎಂಟು ಭಾಗಗಳಲ್ಲಿ ಲೋಕವನ್ನೆಲ್ಲ ಕೊಂದು ಮುಗಿಸಿದವರು ಒಂಬತ್ತನೆಯದಕ್ಕೆ ಜನರನ್ನು ಎಲ್ಲಿಂದ ತರುತ್ತಾರೋ ದೇವರಿಗೇ ಗೊತ್ತು. ಗಡ್ಡದ ಅಪ್ಪನೊಬ್ಬ ಮಗಳನ್ನು ಹುಡುಕಿಕೊಂಡು ಹೋಗುವ ಗೇಮುಗಳು ಈ ವರ್ಷ ಮೂರಿವೆ. ಮೂವರ ಗಡ್ಡವೂ ಒಂದೇ, ಅಳುವೂ ಒಂದೇ. ನಾನೂರು ದ್ವೀಪಗಳಿರುವ ಇನ್ನೊಂದಿದೆ, ಒಂದರಲ್ಲೂ ಮಾಡಲು ಕೆಲಸವಿಲ್ಲ. ನಮ್ಮ ಬೇಲಾಪುರದ ಕಚೇರಿಯನ್ನು ನೋಡಿಯೇ ಮಾಡಿರಬೇಕು. ರಮಿತಾ ಹೊಲ ಉಳುವ ಗೇಮಿಗೆ ಕಾಯುತ್ತಿದ್ದಾಳೆ. ಠಾಣೆಯ ಅವಳ ಬಾಲ್ಕನಿಯಲ್ಲಿ ತುಳಸಿ ಒಣಗಿ ಕಡ್ಡಿಯಾಗಿದೆ, ಅದಕ್ಕೆ ಒಂದು ಲೋಟ ನೀರು ಹಾಕಲು ಅವಳಿಗೆ ಪುರಸೊತ್ತಿಲ್ಲ. ಎಲ್ಲದರ ಬಿಡುಗಡೆಯೂ ೨೦೨೭, ೨೦೨೮. ಅಷ್ಟರೊಳಗೆ ನಮ್ಮ ಬೆರಳಿನ ಗಂಟುಗಳು ಹಿಡಿದುಕೊಂಡಿರುತ್ತವೆ.

ನೋಡು, ಸುದ್ದಿ ಬರೆಯುತ್ತೇನೆ ಎಂದು ಮತ್ತೆ ಅದನ್ನೇ ಮಾಡಿದೆ. ನನಗೆ ಬರುವ ವಿದ್ಯೆ ಇದೊಂದೇ.

ನಮ್ಮ ಜೂನ್ ಭಾನುವಾರದ ಪದ್ಧತಿಯನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ತಪ್ಪು ಇರುವುದೇ ಅದರಲ್ಲಿ. ಹನ್ನೊಂದು ವರ್ಷದ ಹಿಂದೆ ಕೈಲಾಸನ ಮನೆಯ ಟೀವಿಯ ಸೌಂಡ್ ಕೆಟ್ಟಿತ್ತು. ಬೇಸಿಗೆಯ ಟ್ರೈಲರುಗಳನ್ನು ನೋಡಲು ಸೇರಿದ್ದ ನಾವು ನಾಲ್ವರು ಕಾಲೇಜು ಗೆಳೆಯರೂ ಮೂಕಚಿತ್ರ ನೋಡುವವರಂತೆ ಕೂತಿದ್ದೆವು. ಆಗ ನಾನು ಬಾಯಿ ಹಾಕಿದೆ. ಕತ್ತಿ ಹಿಡಿದ ರಾಜನಿಗೆ ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುವವನ ಮಾತು ಕೊಟ್ಟೆ, ರಾಕ್ಷಸನಿಗೆ ಹೌಸಿಂಗ್ ಸೊಸೈಟಿ ಸೆಕ್ರೆಟರಿಯ ಮಾತು ಕೊಟ್ಟೆ. ಹೊಟ್ಟೆ ಹುಣ್ಣಾಗುವಂತೆ ನಕ್ಕಿರಿ. ಮರುವರ್ಷ ಕೈಲಾಸ ಗೋಡೆ ತುಂಬುವ ಹೊಸ ಟೀವಿ ತಂದ, ಆದರೆ ಸೌಂಡ್ ಮಾತ್ರ ಬಂದ್ ಆಗಿಯೇ ಉಳಿಯಿತು. ಒಬ್ಬೊಬ್ಬರು ಮೂರು ಮೂರು ಟ್ರೈಲರ್ ಪಟ್ಟಿಗೆ ಸೇರಿಸುವುದು, ಯಾರದು ಯಾವುದೆಂದು ಹೇಳದಿರುವುದು, ನಾನು ಬಾಯಿಗೆ ಬಂದದ್ದು ಆಡುವುದು, ಕೊನೆಗೆ ಕೈ ಎತ್ತಿ ಪಾಸೋ ಫೇಲೋ ತೀರ್ಮಾನಿಸುವುದು. ಹನ್ನೊಂದು ವರ್ಷದಲ್ಲಿ ಪಾಸಾದದ್ದು ಎರಡೇ. ಒಂದು ಸಾಲು ಕೋಡ್ ಬರೆಯದವರು, ಒಂದು ಚಿತ್ರ ಬಿಡಿಸದವರು, ಲೋಕದ ಅರ್ಧ ಜನ ವರ್ಷಗಟ್ಟಲೆ ದುಡಿದದ್ದನ್ನು ಚಹಾ ಕುಡಿಯುತ್ತಾ ಫೇಲ್ ಮಾಡಿದೆವು. ಎಂಥ ಪರೀಕ್ಷಕರು!

ಜೂನ್ ೨೨ರಂದು ನೀನು ಎರಡು ವರ್ಷದ ನಂತರ ಬಂದೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದೆ. ಕೈಲಾಸ ನೋಡಿ, "ಏನಲೇ, ಹೆಣ್ಣು ನೋಡಾಕ್ ಬಂದೀಯೇನ?" ಎಂದ. ನೀನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಏಳನೆಯದಾಗಿ ಬಂತು ಆ ಟ್ರೈಲರ್. ಯಾವುದೋ ಸಣ್ಣ ಗೇಮುಗಳ ಆನ್‌ಲೈನ್ ಶೋದಲ್ಲಿ ಆಯ್ಕೆಯಾದದ್ದು, ಹೆಸರು 'ಅನ್ನ ಆರುವ ಮೊದಲು'. ಒಬ್ಬ ಮುದುಕಿ ಊಟದ ಡಬ್ಬಿಗಳನ್ನು ಹೊತ್ತು ರೈಲ್ವೆ ಸೇತುವೆ ಹತ್ತುತ್ತಾಳೆ. ಕೆಳಗೆ ಹಳಿಗಳು. ಯಾರ ಡಬ್ಬಿ ಮೊದಲು, ಯಾರದು ಆಮೇಲೆ ಎಂದು ಆಡುವವನು ತೀರ್ಮಾನಿಸಬೇಕು. ಬಂದೂಕಿಲ್ಲ, ಗಡ್ಡವಿಲ್ಲ.

"ಇದಕ್ಕ ಗೇಮ್ ಅಂತಾರೇನಲೇ? ಮುದುಕಿ ಡಬ್ಬಿ ಹೊತ್ಕೊಂಡ ಹೊಂಟಾಳ!" ಎಂದ ಕೈಲಾಸ.

ನಾನು ಶುರು ಮಾಡಿದೆ. ನಮ್ಮ ಊರಿನ ಕಡೆಯ ಹೆಂಗಸರ ರಾಗ ಎಳೆದು, "ಏ ಮಕ್ಕಳೇ, ಊಟಕ್ಕೆ ಬನ್ನಿ ಮಾರಾಯ್ರೆ! ಸಾರಿಗೆ ಉಪ್ಪು ಹಾಕ್ಲಿಕ್ಕೆ ಮರ್ತದ್ದು, ಗೇಮಿಗೆ ಗ್ರಾಫಿಕ್ಸ್ ಹಾಕ್ಲಿಕ್ಕೂ ಮರ್ತದ್ದು! ಮೊಣಕಾಲು ನೋವು, ಅದಕ್ಕೇ ಇಷ್ಟು ಸ್ಲೋ!" ಎಂದೆ. ರಮಿತಾ ಕಣ್ಣೀರು ಒರೆಸಿಕೊಂಡಳು. ಕೈಲಾಸ ಸೋಫಾದಿಂದ ಜಾರಿದ. ನನಗೆ ಮತ್ತಷ್ಟು ಹುರುಪು ಬಂತು, ಎರಡನೆಯ ಸಲ ಹಾಕಿಸಿ ಇನ್ನಷ್ಟು ಆಡಿದೆ. ಆಮೇಲೆ ಫೇಲ್ ಎಂದು ಕೈ ಎತ್ತಿದೆವು. ನಾಲ್ಕು ಕೈಗಳೂ ಎದ್ದವು. ನಿನ್ನದೂ ಎದ್ದಿತು, ಸಮಿತ್. ನೀನು ನಗುತ್ತಲೂ ಇದ್ದೆ. ಚಹಾ ಕುಡಿದು, ಕೈಲಾಸನ ಹೆಂಡತಿ ಸೌಭಾಗ್ಯ ವೈನಿ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ತೆಗೆದುಕೊಂಡು, ಸಂಜೆಯ ಕರ್ಜತ್ ಲೋಕಲಿಗೆ ಹೊರಟೆ.

ಸೋಮವಾರ ಬೆಳಿಗ್ಗೆ ನಾನು ಠಾಣೆಯಲ್ಲಿ ಬೇಲಾಪುರದ ಕಡೆಯ ಟ್ರಾನ್ಸ್ ಹಾರ್ಬರ್ ಲೋಕಲ್ ಹತ್ತುವಾಗ ರಮಿತಾ ಫೋನ್ ಮಾಡಿದಳು. ಬ್ಯಾಂಕಿಗೆ ಹೋಗುವ ರಿಕ್ಷಾದಲ್ಲಿ ಇಯರ್‌ಫೋನ್ ಹಾಕಿಕೊಂಡು, ಮತ್ತೊಮ್ಮೆ ನಗೋಣವೆಂದು ಅದೇ ಟ್ರೈಲರ್ ಹಾಕಿದ್ದಳಂತೆ. "ಯತಿನ್, ಉಸ್ಮೇ ಮಾಮಿ ಬೋಲ್ ರಹೀ ಹೈ. ಅಪ್ನೀ ಅಕ್ಕು ಮಾಮಿ" ಎಂದಳು. ಮುದುಕಿಯ ಸ್ವರ ನಿನ್ನ ಅಮ್ಮನದು, ಗೇಮ್ ನಿನ್ನದು. ಐರೋಲಿ ದಾಟಿ ಕೂರಲು ಜಾಗ ಸಿಕ್ಕಿದ ಮೇಲೆ ನಾನು ತೆರೆದರೆ ವೀಡಿಯೊ ಇರಲಿಲ್ಲ. ನೀನು ಅಷ್ಟರಲ್ಲಿ ತೆಗೆದುಹಾಕಿದ್ದೆ.

ಕೈಲಾಸನಿಗೆ ಹೇಳಿದಾಗ ಅವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಏಳಲೇ ಇಲ್ಲವಂತೆ. "ಆ ಅವ್ವನ ಕೈಯಾಗ ಉಂಡಾಂವ ನಾನು. ಅವ್ವನ್ನ ನೋಡಿ ನಕ್ಕೆನಲೇ" ಎಂದು ಅತ್ತ. ಅವನು ಉಂಡದ್ದು ಮಾತ್ರವಲ್ಲ, ನಾವೆಲ್ಲ ಉಂಡವರೇ. ಕಾಲೇಜಿನ ಮೂರು ವರ್ಷ, ದಿವಾದಲ್ಲಿ ಮಾಮಿ ನಡೆಸುತ್ತಿದ್ದ ಆ ಒಂದು ಕೋಣೆಯ ಖಾನಾವಳಿಯಲ್ಲಿ, ರೈಲ್ವೆಯ ಗ್ಯಾಂಗ್‌ಮನ್‌ಗಳ ಪಕ್ಕ ಕೂತು ಉಂಡಿದ್ದೇವೆ. ಅಷ್ಟಾಗಿಯೂ ನಮ್ಮ ಮೂವರಲ್ಲಿ ಒಬ್ಬರಿಗೂ ಅದು ಯಾರದೆಂದು ಹೊಳೆಯಲಿಲ್ಲ. ಸೌಂಡ್ ಒಂದಿದ್ದಿದ್ದರೆ ಎಂದು ಕೈಲಾಸ ಹೇಳುತ್ತಲೇ ಇದ್ದಾನೆ.

ರಮಿತಾ ನಿನ್ನೊಡನೆ ಮಾತಾಡಿದ್ದು ಗೊತ್ತು. "ನಾಲ್ಕು ಕೈ ಎದ್ದದ್ದು ಹೌದಲ್ಲ ರಮಿತಾ, ಅದರಲ್ಲಿ ಒಂದು ನಂದೇ. ಗೇಮ್ ನಿಲ್ಲಿಸಿದೆ, ಇನ್ನು ಅದರ ಸುದ್ದಿ ಬೇಡ" ಎಂದೆಯಂತೆ. ಜುಲೈ ೩೧ರೊಳಗೆ ಆಡಿ ನೋಡುವ ಭಾಗವನ್ನು ಕಳಿಸದಿದ್ದರೆ ಆ ಶೋದವರು ನಿನ್ನ ಹೆಸರು ತೆಗೆಯುತ್ತಾರೆ ಎಂದೂ ಹೇಳಿದಳು. ಇನ್ನು ಹನ್ನೊಂದು ದಿನ ಇದೆ.

ಈಗ ಬೇಡಿಕೊಳ್ಳುತ್ತೇನೆ, ಕೇಳು. ಕಳಿಸು. ನಮಗಾಗಿ ಅಲ್ಲ. ನಾವು ಯಾರು? ನಾನು ಬೇಲಾಪುರದಲ್ಲಿ ಬೇರೆಯವರ ಕಟ್ಟಡಗಳ ನಕ್ಷೆಗೆ ಷರಾ ಬರೆಯುವವನು. ಗೋಡೆ ಎಲ್ಲಿ ತಪ್ಪಿದೆ, ಮೆಟ್ಟಿಲು ಎಷ್ಟು ಇಕ್ಕಟ್ಟು ಎಂದು ಹದಿನಾಲ್ಕು ವರ್ಷದಿಂದ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ. ಇಂಥವನ ಮಾತು ಕೇಳಿ ನೀನು ಐದು ವರ್ಷದ ಕೆಲಸವನ್ನು ಮೂಟೆ ಕಟ್ಟುವುದಾದರೆ ನಿನ್ನಷ್ಟು ದಡ್ಡ ಇನ್ನೊಬ್ಬನಿಲ್ಲ. ಬೈಗುಳ ಎಂದುಕೊಳ್ಳಬೇಡ. ಹೊಗಳಿ ಅಭ್ಯಾಸವಿಲ್ಲದ ಬಾಯಿ, ಬೇಡಿಕೊಂಡರೂ ಬೈದಂತೆಯೇ ಕೇಳುತ್ತದೆ.

ಶಿಫ್ಟ್ ಮುಗಿಸಿ ಬಂದು, ಬಣ್ಣದ ಫ್ಯಾಕ್ಟರಿಯ ವಾಸನೆ ಇನ್ನೂ ಕೈಯಲ್ಲಿರುವಾಗಲೇ ನೀನು ಆ ಸೇತುವೆಯ ಒಂದೊಂದು ಮೆಟ್ಟಿಲು ಬಿಡಿಸಿದ್ದೀಯೆಂದು ರಮಿತಾ ಹೇಳಿದಳು. ಮೆಟ್ಟಿಲು ಚೆನ್ನಾಗಿತ್ತು, ಸಮಿತ್. ನಡುವೆ ಸವೆದು, ಬದಿಯಲ್ಲಿ ಸವೆಯದೆ ಇದ್ದ ಮೆಟ್ಟಿಲು. ಎರಡನೆಯ ಸಲ ಹಾಕಿಸಿದಾಗ ಅದನ್ನು ನೋಡಿದೆ. ಅದನ್ನು ಆಗ ಹೇಳಬೇಕಿತ್ತು.

ಕೈಲಾಸ, ವೈನಿ, ರಮಿತಾ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಮಾಮಿಗೆ ನನ್ನ ನಮಸ್ಕಾರ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಊಟ ಬಿಡಬೇಡ. ನಿನ್ನ ಕೈಗೆ ಒಳ್ಳೆಯದಾಗಲಿ, ನಿನ್ನ ಕೆಲಸ ನಿನ್ನ ಗೆಳೆಯರಿಗಿಂತ ಹೆಚ್ಚು ದಿನ ಬಾಳಲಿ.

ನಿನ್ನ,
ಯತಿನ್

ತಾ.ಕ. : ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಮ್ಮ ಮೂವರಿಗೂ ಹೊಳೆಯಲಿಲ್ಲ ಎಂದೆನಲ್ಲ, ಇಬ್ಬರಿಗೆ ಹೊಳೆಯಲಿಲ್ಲ. ನನಗೆ ಮೊದಲೇ ಗೊತ್ತಿತ್ತು.

ಆ ಶುಕ್ರವಾರ ಮಾಮಿ ಫೋನ್ ಮಾಡಿದ್ದರು. "ಈ ಭಾನುವಾರ ಅವ ಅವನದ್ದನ್ನು ನಿಮಗೆ ತೋರಿಸ್ತಾನಂತೆ. ಮುದುಕಿ ಡಬ್ಬಿ ತಕೊಂಡು ಹೋಗುದು ಬರ್ತದೆ, ಅದೇ. ನಾನು ಹೇಳಿದ್ದು ಅಂತ ಹೇಳ್ಬೇಡ. ಐದು ವರ್ಷ ಆಯ್ತು ಮಗಾ, ಅವನಿಗೆ ಬೇರೆ ಗೊತ್ತೇ ಇಲ್ಲ. ನೀನೊಂದು ಒಳ್ಳೆ ಮಾತು ಹೇಳು. ಬೇರೆಯವರು ಹೇಳಿದ್ರೆ ಅವ ನಂಬುದಿಲ್ಲ, ನೀನು ಹೇಳಿದ್ರೆ ಮಾತ್ರ ಹೌದು. ನನ್ನ ಸ್ವರವೂ ಉಂಟು ಅದರಲ್ಲಿ" ಎಂದರು. ಖಂಡಿತ ಮಾಮಿ ಎಂದೆ. ಫೋನ್ ಇಟ್ಟ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಸಂತೋಷಕ್ಕಲ್ಲ. ನಮ್ಮಲ್ಲೊಬ್ಬ ನಿಜವಾಗಿಯೂ ಒಂದನ್ನು ಮಾಡಿ ಮುಗಿಸಿದ, ಅದು ನಾನಲ್ಲ ಎಂಬ ಹೊಟ್ಟೆಕಿಚ್ಚಿಗೆ. ಅಂದು ಕೈಲಾಸನಿಗೆ ಸೌಂಡ್ ಹಾಕು ಎನ್ನಲು ನನಗೆ ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಮಾಮಿಯ ರಾಗವನ್ನೇ ಎಳೆದು ಆಡಿದೆ, ಅದೂ ಅವರೇ ಎಂದು ತಿಳಿದು.

ನಿನ್ನೆ ಅವರು ಮತ್ತೆ ಫೋನ್ ಮಾಡಿದ್ದರು. ನೀನು ಗೇಮ್ ನಿಲ್ಲಿಸಿದ್ದು ಅವರಿಗೆ ಗೊತ್ತಿಲ್ಲ. "ಅವ ಎಂತ ಕೇಳಿದ್ರೂ ಹೇಳುದಿಲ್ಲ. ಆ ದಿನ ನನ್ನ ಸ್ವರ ಹೇಗಿತ್ತು ಮಗಾ?" ಎಂದು ಕೇಳಿದರು.

ನಾನು ಆ ಸ್ವರವನ್ನು ಇಂದಿಗೂ ಕೇಳಿಲ್ಲ. ತುಂಬ ಚೆನ್ನಾಗಿತ್ತು ಮಾಮಿ ಎಂದೆ. ಅವರು ನಂಬಿಬಿಟ್ಟರು.