ಖಾಲಿ ಸೀಟಿನ ಹನ್ನೊಂದು ಸಾವಿರ ಕಿಲೋಮೀಟರು

ನನ್ನ ಓಡಾಟದ ಪುಸ್ತಕಕ್ಕೆ ಕೆಂಪು ಗೆರೆ ಎಳೆದ ಮಾನ್ಯ ತೆರಿಗೆ ಅಧಿಕಾರಿಗಳೇ,

ಹೋದ ವರ್ಷ ಪ್ರಯಾಣಿಕರಿಲ್ಲದೆ ನನ್ನ ಕಾರು ಓಡಿದ ಹನ್ನೊಂದು ಸಾವಿರ ಕಿಲೋಮೀಟರನ್ನು ತಾವು 'ಸ್ವಂತ ಓಡಾಟ' ಎಂದು ಬರೆದು, ಅದರ ಪೆಟ್ರೋಲು, ಟೈರು, ರಿಪೇರಿಯ ಖರ್ಚನ್ನು ನನ್ನ ಆದಾಯದಿಂದ ಕಳೆಯಲು ನಿರಾಕರಿಸಿದ್ದೀರಿ. ಬಾಕಿ ತೆರಿಗೆಯನ್ನು ಮೂವತ್ತು ದಿನದಲ್ಲಿ ಕಟ್ಟಬೇಕಂತೆ. ಕಾರು ಮಾರಿದರೆ ಕಟ್ಟಬಹುದು. ಮಾರಿದ ಮೇಲೆ ಮುಂದಿನ ವರ್ಷ ತೆರಿಗೆ ಕಟ್ಟಲು ಆದಾಯ ಎಲ್ಲಿಂದ ತರಲಿ ಎಂಬುದನ್ನು ತಮ್ಮ ನೋಟಿಸು ತಿಳಿಸಿಲ್ಲ. ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ.

ನಾನು ಆ್ಯಪ್‌ನಲ್ಲಿ ಬರುವ ಬಾಡಿಗೆಗೆ ಕಾರು ಓಡಿಸುವವಳು. ಕಂಪನಿಯವರು ನನ್ನನ್ನು ನೌಕರಳು ಎನ್ನುವುದಿಲ್ಲ. 'ನಿಮಗೆ ನೀವೇ ಯಜಮಾನರು' ಎನ್ನುತ್ತಾರೆ. ಈ ಯಜಮಾನಿಕೆ ಹೊತ್ತುಕೊಂಡೇ ತಮ್ಮ ಕಚೇರಿಗೆ ಬಂದು ಪುಸ್ತಕ ಮುಂದಿಟ್ಟೆ. ತಾವು ಹಾಳೆ ತಿರುವುತ್ತಾ, "ಕಾರಲ್ಲಿ ಯಾರೂ ಇಲ್ದೇ ಇರೋವಾಗ ಎಲ್ಲಿಗಮ್ಮಾ ಹೋಗ್ತಿದ್ರಿ?" ಎಂದಿರಿ. "ಮುಂದಿನ ಬಾಡಿಗೆ ಸಿಗೋ ಕಡೆಗೆ ಸಾರ್" ಎಂದೆ. "ಅಂದ್ರೆ, ನಿಮ್ಮಿಷ್ಟ ಬಂದ ಹಾಗೆ ಸುತ್ತಾಡ್ತಿದ್ರಿ." ಇಷ್ಟವಂತೆ! ವಿಮಾನ ನಿಲ್ದಾಣಕ್ಕೆ ಒಬ್ಬರನ್ನು ಬಿಟ್ಟು, ಅಲ್ಲಿ ಸರದಿಯಲ್ಲಿ ನೂರು ಕಾರು ನಿಂತಿರುವುದನ್ನು ಕಂಡು ಮೂವತ್ತು ಕಿಲೋಮೀಟರು ಖಾಲಿ ಬರುವುದು ಇಷ್ಟವೇ? ಕರೆದವರ ಗೇಟಿನ ಮುಂದೆ ನಿಂತಾಗ ಫೋನು 'ರದ್ದಾಗಿದೆ' ಎನ್ನುವುದು ಇಷ್ಟವೇ? ಕಾಗದ ಹಂಚಿದ ಅಂಚೆಯವನು ಬರಿಚೀಲ ಹೊತ್ತು ಮರಳುವುದನ್ನೂ ತಾವು ವಾಯುವಿಹಾರ ಎನ್ನುತ್ತೀರಾ?

ಈ ಸುತ್ತಾಟದ ಸುಖವನ್ನೂ ಹೇಳುತ್ತೇನೆ, ಬರೆದುಕೊಳ್ಳಿ. ಪ್ರಯಾಣಿಕರು ಇಳಿದ ಮೇಲೆ ನಾನು ರೇಡಿಯೊ ಕೂಡ ಹಾಕುವುದಿಲ್ಲ. ಬಾಡಿಗೆಯ ಸದ್ದು ಕೇಳಿಸದೇ ಹೋದೀತೆಂಬ ಭಯ. ಹತ್ತಿದವರು ಫೋನಿನೊಳಗೇ ಇರುತ್ತಾರೆ. ಒಂದು ಮಧ್ಯಾಹ್ನ ಹಿಂದಿನ ಸೀಟಿನಿಂದ "ಊಟ ಆಯ್ತಾ?" ಎಂದು ಕೇಳಿತು. "ಇನ್ನೂ ಇಲ್ಲಮ್ಮ" ಎಂದುಬಿಟ್ಟೆ. ಹಿಂದೆ ಕೂತಿದ್ದ ಹುಡುಗಿ ಕೇಳಿದ್ದು ಫೋನಿನಲ್ಲಿದ್ದ ತನ್ನ ತಾಯಿಯನ್ನು. ನಾಚಿಕೆಯಾಗಿ ರಸ್ತೆ ನೋಡುತ್ತಾ ಕೂತೆ. ಆ ದಿನ ನನ್ನ ಬಾಯಿಂದ ಹೊರಟ ಮಾತು ಅದೊಂದೇ ಇರಬೇಕು.

ಸ್ವಂತ ಓಡಾಟ ಎಂದರೇನೆಂದು ನನಗೂ ಗೊತ್ತು ಸ್ವಾಮಿ. ವರ್ಷದಲ್ಲಿ ಒಂದು ಸಲ ಹೊರಟಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆಂದು ಉಳಿದವಳು ತಂಗಿಯೊಬ್ಬಳೇ. ಊರಿನ ಆಚೆ ತುದಿಯಲ್ಲಿದ್ದಾಳೆ. ಭಾನುವಾರ ಊಟಕ್ಕೆ ಬಾ ಎಂದಿದ್ದಳು. ಅವಳ ಬೀದಿಯ ತಿರುವಿನಲ್ಲೇ ಬಾಡಿಗೆಯ ಸದ್ದಾಯಿತು. ಆ್ಯಪ್ ಆಫ್ ಮಾಡಿರಲಿಲ್ಲ, ಬೆರಳು ತಾನಾಗಿಯೇ ಒತ್ತಿಬಿಟ್ಟಿತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಸಂಜೆ ಹೋಗಿ ಬಾಗಿಲು ತಟ್ಟಿದಾಗ ಅವಳು ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿದ್ದಳು. "ಅಕ್ಕಾ, ನೀನು ನನ್ನ ನೋಡೋಕೆ ಬಂದ್ಯೋ, ಬಾಡಿಗೆ ಹುಡುಕೋಕೆ ಬಂದ್ಯೋ?" ಎಂದಳು. ಆಮೇಲೆ ಅವಳು ಕರೆದಿಲ್ಲ. ಹೋಗಲು ನನಗೂ ಮುಖವಿಲ್ಲ. ಹೊರಟದ್ದು ನನಗಾಗಿ ತಾನೇ ಎಂದು ಪುಸ್ತಕದಲ್ಲಿ ಆ ದಿನವನ್ನು 'ಸ್ವಂತ' ಎಂದೇ ಬರೆದಿದ್ದೆ. ಹಿಂದಿನ ಸೀಟಿನಲ್ಲಿ ಜನ ಇದ್ದರೆಂದು ತಾವು ಅದನ್ನು ಹೊಡೆದುಹಾಕಿ 'ವೃತ್ತಿ' ಎಂದು ತಿದ್ದಿದ್ದೀರಿ. ತಮ್ಮ ಜಾಣತನಕ್ಕೆ ಕೈಮುಗಿಯಬೇಕು.

ಆದ್ದರಿಂದ, ಖಾಲಿ ಓಡಾಟವನ್ನು ದುಡಿಮೆಯ ಖರ್ಚೆಂದು ಒಪ್ಪಿ ತಮ್ಮ ನೋಟಿಸನ್ನು ಹಿಂದಕ್ಕೆ ಪಡೆಯಬೇಕೆಂದು ಒತ್ತಾಯಿಸುತ್ತೇನೆ. ಆ ಭಾನುವಾರಕ್ಕೆ ಬೇಕಾದರೆ ತೆರಿಗೆ ಹಾಕಿ, ಕಟ್ಟುತ್ತೇನೆ. ಆದರೆ ಹನ್ನೊಂದು ಸಾವಿರ ಕಿಲೋಮೀಟರು ಸ್ವಂತಕ್ಕೆಂದು ಓಡಾಡಲು ನನಗೆ ಅಷ್ಟು ಜನ ಎಲ್ಲಿದ್ದಾರೆ? ಇದ್ದಿದ್ದರೆ, ತಾವು ಕೇಳಿದಷ್ಟನ್ನೂ ತುಟಿಪಿಟಕ್ಕೆನ್ನದೆ ಕಟ್ಟಿ ಹೋಗುತ್ತಿದ್ದೆ.

ಇಂತಿ,
ತಮ್ಮ ಕಡತದ ಪ್ರಕಾರ ವರ್ಷವಿಡೀ ಮಜವಾಗಿ ಸುತ್ತಾಡಿದ
ಬಾಡಿಗೆ ಕಾರಿನವಳು