ಹಿತ್ತಲ ಪಕ್ಕದ ಸ್ಟೇ ವೈರು

ಸ್ಟೇಷನ್ ಹಿಂದಿನ ಕ್ವಾರ್ಟರ್ಸ್
ಜೂನ್ ೧೪, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯ್ತಾ? ಕೆಲಸ ಕೆಲಸ ಅಂತ ಹೊತ್ತಿಗೆ ಸರಿಯಾಗಿ ಉಣ್ಣೋದಿಲ್ಲ ನೀನು, ಅಪ್ಪನ ಮಗಳೇ ತಾನೇ. ನಾನು ಗುಂಡುಕಲ್ಲಿನ ಹಾಗಿದ್ದೀನಿ, ನನ್ನ ಚಿಂತೆ ಬಿಡು.

ನಮ್ಮ ರೇಡಿಯೋ ಸ್ಟೇಷನ್ನಿನ ಮಾಸ್ಟ್ ಕಂಬ ಬೀಳಿಸೋ ಕೆಲಸ ನಿನ್ನ ಕಂಪನಿಗೇ ಸಿಕ್ಕಿದೆಯಂತೆ, ಎಂಜಿನಿಯರ್ ಆಗಿ ನೀನೇ ಬರ್ತೀಯಂತೆ. ವಾಚ್‌ಮನ್ ಹೇಳಿದ. ಬೇರೆಯವರ ಬಾಯಿಂದ ಕೇಳೋ ಹಾಗಾಯ್ತಲ್ಲ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸ್ತು, ಪಾಪ, ಯಾವ ಬಾಯಲ್ಲಿ ಹೇಳ್ತಿದ್ದೆ ನೀನು? ನಿನ್ನ ತಾತನ ಕಾಲದ್ದು, ತುಕ್ಕು ಹಿಡಿದಿದೆ, ಸ್ಟೇಷನ್ನೂ ಮುಚ್ಚಿ ಹೋಯ್ತು. ಯಾರ ತಲೆ ಮೇಲಾದರೂ ಬೀಳೋ ಮೊದಲು ಬೀಳಿಸಲೇಬೇಕು. ನಿನ್ನ ಮೇಲೆ ನನಗೆ ಬೇಜಾರಿಲ್ಲ.

ಅಪ್ಪನ ವಿಷಯ ಹೇಗೆ ಬರೀಲೋ ತಿಳಿಯದು. ಮರೆವು ಅವರನ್ನ ಪೂರ್ತಿ ನುಂಗಿಬಿಟ್ಟಿದೆ. ನನ್ನನ್ನ ಮೇಡಂ ಅಂತಾರೆ, ಊಟ ಬಡಿಸಿದರೆ ಥ್ಯಾಂಕ್ಸ್ ಹೇಳ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಹೇಳದವರು! ನಗಬೇಕೋ ಅಳಬೇಕೋ. ಹೊಸಿಲು ಬಂದರೆ ಎರಡೂ ಕಾಲು ಜೋಡಿಸಿ ಹಾರ್ತಾರೆ. ನೆನಪಿದೆಯಲ್ಲ, ಅವರು ಹತ್ತಿ ರಿಪೇರಿ ಮಾಡ್ತಿದ್ದ ಮಾಸ್ಟ್ ಕೂತಿರೋದು ಪಿಂಗಾಣಿ ದಿಮ್ಮಿ ಮೇಲೆ, ಸ್ಟೇಷನ್ ನಡೀತಿದ್ದಾಗ ಅದರ ಮೈಯೆಲ್ಲ ಕರೆಂಟು. ಒಂದು ಕಾಲು ನೆಲದಲ್ಲಿ, ಇನ್ನೊಂದು ಏಣಿಯಲ್ಲಿ ಇಟ್ಟವನ ಕಥೆ ಮುಗೀತು. ಹಾರಿಯೇ ಹತ್ತಬೇಕು, ಹಾರಿಯೇ ಇಳೀಬೇಕು. ಹೆಂಡತಿ ಮಗಳು ಎಲ್ಲ ಮರೆತು ಅದೊಂದು ಉಳಿದಿದೆ. ಹೋದ ವಾರ ಬಚ್ಚಲ ಹೊಸಿಲಲ್ಲಿ ಹಾರಿ ಬಿದ್ದು ಮಂಡಿ ಒಡೆದುಕೊಂಡರು. ಡಾಕ್ಟರೂ ಕೈಚೆಲ್ಲಿದ್ದಾರೆ.

ಮಾಸ್ಟನ್ನ ಮೂರು ಕಡೆಯಿಂದ ಎಳೆದು ನಿಲ್ಲಿಸಿರೋ ಸ್ಟೇ ವೈರುಗಳಲ್ಲಿ ಒಂದು ನಮ್ಮ ಹಿತ್ತಲ ಪಕ್ಕ ನೆಲಕ್ಕೆ ಇಳಿಯುತ್ತಲ್ಲ, ಬೆಳಗಾದರೆ ಅಲ್ಲಿಗೆ ಹೋಗ್ತಾರೆ. ಒಂದು ಕಡೆ ಸಡಿಲಾದರೆ ಮಿಕ್ಕೆರಡೇ ಎಳೆದು ಬೀಳಿಸುತ್ತೆ ಅಂತಿದ್ದರಲ್ಲ ಆಗೆಲ್ಲ. ಈಗಲೂ ಅಂಗೈ ಇಟ್ಟು ಬಿಗಿ ನೋಡಿ, "ಸರಿಯಾಗಿದೆ ಮೇಡಂ" ಅಂದು ಬಂದು ತಿಂಡಿಗೆ ಕೂರ್ತಾರೆ. ಒಂದು ದಿನ ಮಳೆ ಅಂತ ಬಾಗಿಲು ಹಾಕಿದೆ. ಸಂಜೆವರೆಗೂ ತುತ್ತು ಮುಟ್ಟಲಿಲ್ಲ, ಗೋಡೆ ತಡವುತ್ತಾ ಅತ್ತರು. ಮಾಸ್ಟ್ ಬಿದ್ದ ಮಾರನೇ ದಿನ ನಾನೇನು ಮಾಡಲಿ ಹೇಳು? ಯೋಚಿಸಿ ಯೋಚಿಸಿ ಸೋತು ಹೋಗಿದ್ದೀನಿ ಕಣೇ. ಅವರನ್ನ ಬಿಟ್ಟು ಸಾಯೋ ಹಾಗೂ ಇಲ್ಲ, ಹೀಗೆ ನೋಡ್ತಾ ಬದುಕೋ ಹಾಗೂ ಇಲ್ಲ.

ಕೆಲಸದ ಜಾಗದಲ್ಲಿ ಹುಷಾರು, ಹೆಲ್ಮೆಟ್ ಮರೀಬೇಡ. ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ
ಅಮ್ಮ

ಕಾಗದ ಮಡಿಸೋ ಮೊದಲು ಒಂದು ಮಾತು: ಅಪ್ಪನ ಕತ್ತು ಈಗ ಮೇಲೇಳೋದಿಲ್ಲ, ಮಾಸ್ಟಿನ ತುದಿ ನೋಡದೆ ಎಷ್ಟೋ ಕಾಲವಾಯ್ತು. ಹಿತ್ತಲ ವೈರನ್ನ ಪೂರ್ತಿ ಕಿತ್ತು ಹಾಕಿಸಬೇಡ. ಕೆಳಗಿನ ತುಂಡು ಹಾಗೇ ಬಿಟ್ಟು, ಮೇಲಿನ ಕೊನೇನ ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿಸಿಬಿಡು. ಬಿಗಿ ಮಾತ್ರ ಮೊದಲಿನಷ್ಟೇ ಇರಲಿ ಮಗಳೇ. ಸಡಿಲಾದರೆ ಅವರಿಗೆ ಗೊತ್ತಾಗಿಬಿಡುತ್ತೆ.